ಸಾಗವಾನಿ ಹಲಗೆ ಹಾಸುವ ಮುನ್ನ ಎಷ್ಟು ದಿನ ಕಾಯಬೇಕು?

ಪ್ರಶ್ನೆ: ಸಿಂಧನೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮೊದಲ ಮಹಡಿಯಲ್ಲಿ 12 ಅಡಿ ಅಗಲ, 15 ಅಡಿ ಉದ್ದದ ಮಲಗುವ ಕೋಣೆಗೆ ಗಟ್ಟಿ ಸಾಗವಾನಿ ಹಲಗೆಯ ನೆಲ ಹಾಕಿಸುವ ಆಸೆ. ದಾಂಡೇಲಿ ಕಡೆಯ ಮರ. ಹುಬ್ಬಳ್ಳಿಯಲ್ಲಿ ಕೊಯ್ಸಿ 4 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆ ಮಾಡಿಸಿದ್ದೇವೆ. ಕಿಲ್ನ್‌ನಲ್ಲಿ, ಎಂದರೆ ಮರ ಒಣಗಿಸುವ ಬಿಸಿ ಕೋಣೆಯಲ್ಲಿ, ಒಣಗಿಸಿದ್ದು ಎಂದು ಬಿಲ್ಲಿನಲ್ಲಿದೆ. ಎರಡು ದಿನ ಮನೆಯೊಳಗಿಟ್ಟು ಹಾಸಿಬಿಡಬಹುದು ಎಂದು ಗುತ್ತಿಗೆದಾರರು ಹೇಳುತ್ತಾರೆ. ಏಪ್ರಿಲ್ ಬಿಸಿಲಿಗೆ ನಾಲ್ಕು ದಿನ ಮಾಳಿಗೆಯ ಮೇಲೆ ಒಣಹಾಕಿ ಎಂದು ಬಡಿಗೇರರು ಹೇಳುತ್ತಾರೆ. ಬಸವ ಜಯಂತಿಯ ಹೊತ್ತಿಗೆ ಗೃಹಪ್ರವೇಶ ಇಟ್ಟುಕೊಂಡಿದ್ದೇವೆ. ಬೇಸಿಗೆಯಲ್ಲಿ ಆ ಕೋಣೆಗೆ ಕೂಲರ್ ಹಚ್ಚುತ್ತೇವೆ. ಯಾರ ಮಾತು ಕೇಳಬೇಕು?

ಉತ್ತರ: ಹಲಗೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಡ್ಡುವುದು ಹಾನಿಕರ, ಎರಡು ದಿನ ಮನೆಯಲ್ಲಿಟ್ಟರೆ ಸಾಕು ಎಂಬುದಕ್ಕೆ ಆಧಾರವಿಲ್ಲ. ಮರಕ್ಕೆ ದಿನಗಳ ಲೆಕ್ಕ ಗೊತ್ತಿಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿರುವ ತೇವಕ್ಕೆ ತಕ್ಕಂತೆ ಅದು ನೀರನ್ನು ಹೀರುತ್ತದೆ, ಬಿಡುತ್ತದೆ. ಎರಡೂ ಸಮವಾದಾಗ ಮಾತ್ರ ಅದರ ಅಗಲ ಒಂದು ಕಡೆ ನಿಲ್ಲುತ್ತದೆ. ಆ ನಿಲುಗಡೆಯನ್ನು ಅಳೆದು ನೋಡಿದ ಮೇಲೆಯೇ ಹಾಸಬೇಕು. ನೀವು ಹೇಳಿದ ದಪ್ಪ, ಅಗಲದ ಸಾಗವಾನಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಆದರೆ ಆ ಅವಧಿಯನ್ನು ಒಂದು ಅಂದಾಜು ಎಂದಷ್ಟೇ ತಿಳಿದು, ಕೆಳಗೆ ಹೇಳಿರುವಂತೆ ತೂಕ ಮಾಡಿ ನಿರ್ಧರಿಸಬೇಕೆಂದು ಕೋರುತ್ತೇನೆ.

ತೇವದ ಲೆಕ್ಕ ನಿಮ್ಮ ಭಾಗದವರಿಗೆ ಹೊಸದಲ್ಲ. ಬೆಂಬಲ ಬೆಲೆಗೆ ಭತ್ತ ಕೊಡುವಾಗ ತೇವಾಂಶ ಶೇ 17 ಮೀರಬಾರದು, ಹತ್ತಿಯಾದರೆ ಶೇ 8ರಿಂದ 12ರೊಳಗೆ ಇರಬೇಕು ಎಂಬುದನ್ನು ರೈತರು ಚೆನ್ನಾಗಿ ಬಲ್ಲರು. ಮರಕ್ಕೂ ಅಂಥದೇ ಲೆಕ್ಕವಿದೆ. ಸುಮಾರು 30 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 30 ಇದ್ದರೆ ಮರದ ತೇವಾಂಶ ಕೊನೆಗೆ ಶೇ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ 50 ಇದ್ದರೆ ಶೇ 9ಕ್ಕೆ, ಶೇ 70 ಇದ್ದರೆ ಶೇ 13ಕ್ಕೆ ನಿಲ್ಲುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗಾಳಿ ಮೊದಲನೆಯ ಅಂಕಿಗೆ ಹತ್ತಿರ. ಸೆಪ್ಟೆಂಬರಿನಲ್ಲಿ ಮಳೆ ಹಿಡಿದಾಗಿನ ಗಾಳಿ ಮೂರನೆಯದಕ್ಕೆ ಹತ್ತಿರ. ಒಂದೇ ಹಲಗೆ ಒಂದೇ ವರ್ಷದಲ್ಲಿ ಈ ಎರಡು ತುದಿಗಳ ನಡುವೆ ಓಡಾಡಬೇಕಾಗುತ್ತದೆ ಎಂಬುದೇ ನಮ್ಮ ಸೀಮೆಯ ಕಷ್ಟ.

ಈ ಓಡಾಟದ ಪರಿಣಾಮವನ್ನು ನಿಮ್ಮ ಕೋಣೆಗೇ ಲೆಕ್ಕ ಹಾಕಿ ತೋರಿಸುತ್ತೇನೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅದರ ಆಟವೆಲ್ಲ ಅಗಲದಲ್ಲಿ. ತೇವಾಂಶ ಶೇ 1ರಷ್ಟು ಬದಲಾದರೆ, ದಿಮ್ಮಿಯ ಹೊರಮೈಗೆ ಸಮವಾಗಿ ಕೊಯ್ದ 4 ಇಂಚಿನ, ಎಂದರೆ ಸುಮಾರು 100 ಮಿಲಿಮೀಟರಿನ ಸಾಗವಾನಿ ಹಲಗೆಯ ಅಗಲ 0.19 ಮಿಲಿಮೀಟರಿನಷ್ಟು ವ್ಯತ್ಯಾಸವಾಗುತ್ತದೆ. ತೇವಾಂಶ ಶೇ 7ರಿಂದ 11ಕ್ಕೆ ಏರಿತೆಂದುಕೊಳ್ಳಿ, ಒಂದು ಹಲಗೆಗೆ ಮುಕ್ಕಾಲು ಮಿಲಿಮೀಟರ್. ಹಲಗೆಗಳನ್ನು ಕೋಣೆಯ ಉದ್ದಕ್ಕೆ ಹಾಸಿದರೆ 12 ಅಡಿ ಅಗಲದಲ್ಲಿ 36 ಹಲಗೆ ಕೂಡುತ್ತವೆ. ಒಟ್ಟು 27 ಮಿಲಿಮೀಟರ್, ಅಂದರೆ ಒಂದು ಇಂಚಿಗೂ ತುಸು ಹೆಚ್ಚು. ಮೊಳೆಗಳ ಹಿಡಿತ ಮತ್ತು ಸಂದುಗಳು ಇದರಲ್ಲಿ ಒಂದಷ್ಟನ್ನು ನುಂಗಿಕೊಳ್ಳುತ್ತವೆ, ನಿಜ. ಉಳಿದದ್ದಕ್ಕೆ ಜಾಗ ಇಲ್ಲದಿದ್ದರೆ ಹಲಗೆ ಮೇಲಕ್ಕೆ ಏಳಲೇಬೇಕು. ಇದು ಸಾಗವಾನಿಯ ಲೆಕ್ಕ ಎಂಬುದನ್ನು ಗಮನಿಸಿ. ಓಕ್ ಮರದಲ್ಲಿ ಇದರ ಹೆಚ್ಚುಕಡಿಮೆ ಎರಡರಷ್ಟು ಆಗುತ್ತದೆ. ನೀವು ಆರಿಸಿಕೊಂಡ ಮರ ಒಳ್ಳೆಯದು, ಆ ವಿಷಯದಲ್ಲಿ ಸಂದೇಹ ಬೇಡ.

ಬಳ್ಳಾರಿಯ ಒಂದು ಮನೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಚೆನ್ನಾಗಿ ಒಣಗಿಸಿದ ಹಲಗೆಗಳನ್ನು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಿದ್ದರು. ಹಾಸಿದ ದಿನ ಒಂದು ಕಾಗದ ತೂರಿಸಲೂ ಸಂದು ಇರಲಿಲ್ಲವಂತೆ. ಮನೆಯವರು ಅದನ್ನೇ ಒಳ್ಳೆಯ ಕೆಲಸದ ಗುರುತು ಎಂದುಕೊಂಡಿದ್ದರು. ಅಕ್ಟೋಬರಿನಲ್ಲಿ ನನ್ನನ್ನು ಕರೆಸಿದಾಗ ಕೋಣೆಯ ನಡುವೆ ಆರೇಳು ಹಲಗೆಗಳು ಕಮಾನಿನಂತೆ ಎದ್ದು ನಿಂತಿದ್ದವು. ಕಾಲಿಟ್ಟರೆ ಕೆಳಗೆ ಪೊಳ್ಳು ಸದ್ದು. ಪಕ್ಕದ ಹಲಗೆಯೊಳಗೆ ಸಿಕ್ಕಿಕೊಳ್ಳುವ ಅಂಚಿನ ನಾಲಿಗೆಗಳು, ಎಂದರೆ ಟಂಗ್‌ಗಳು, ಸೀಳಿ ಹೋಗಿದ್ದರಿಂದ ಆ ಹಲಗೆಗಳನ್ನು ಮರಳಿ ಕೂರಿಸಲು ಆಗಲಿಲ್ಲ. ಬಡಿಗೇರರ ಕೈಕೆಲಸದಲ್ಲಿ ಕುಂದಿರಲಿಲ್ಲ. ಹಲಗೆಗಳು ಹಾಸುವ ದಿನ ಇರಬೇಕಾದದ್ದಕ್ಕಿಂತ ತೀರ ಒಣಗಿದ್ದವು, ಅಷ್ಟೇ. ಬಿಸಿಲಿನಲ್ಲಿ ಇನ್ನೊಂದು ಕೇಡೂ ಇದೆ. ಮೇಲ್ಮುಖ ಬೇಗ ಒಣಗಿ ಕೆಳಮುಖ ಹಿಂದುಳಿಯುವುದರಿಂದ ಹಲಗೆ ದೋಣಿಯಂತೆ ಬಾಗುತ್ತದೆ, ತುದಿಗಳು ಬಿರಿಯುತ್ತವೆ. ಬಿರಿದ ತುದಿಯನ್ನು ಕತ್ತರಿಸಿ ಎಸೆಯಬಹುದು, ಬಾಗಿದ್ದನ್ನು ಸರಿಮಾಡುವುದು ಕಷ್ಟ. ಆದ್ದರಿಂದ ಮಾಳಿಗೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಬಿಲ್ಲಿನಲ್ಲಿರುವ ‘ಕಿಲ್ನ್‌ನಲ್ಲಿ ಒಣಗಿಸಿದ್ದು’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಕಿಲ್ನ್‌ನಿಂದ ಹೊರಬಂದ ದಿನ ಮರ ಎಷ್ಟು ಒಣಗಿತ್ತು ಎಂಬುದನ್ನು ಅದು ಸೂಚಿಸುತ್ತದೆಯೇ ಹೊರತು ಇಂದು ಹೇಗಿದೆ ಎಂಬುದನ್ನಲ್ಲ. ಒಣಗಿದ ಮರ ಮತ್ತೆ ತೇವ ಎಳೆದುಕೊಳ್ಳುತ್ತದೆ; ತೆರೆದ ಶೆಡ್ಡಿನಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಕಿಲ್ನ್‌ಗೆ ಕೊಟ್ಟ ಹಣ ವ್ಯರ್ಥವಾದಂತೆಯೇ. ಹಲಗೆ ಇಳಿಸುವಾಗಲೇ ಮಾಯಿಶ್ಚರ್ ಮೀಟರ್ ಹಿಡಿದು ನೋಡಬೇಕು. ಭತ್ತದ ತೇವ ನೋಡುವ ಮೀಟರು ಇದಕ್ಕೆ ನಡೆಯದು. ಎರಡು ಸೂಜಿಗಳಿರುವ, ಮರಕ್ಕೆಂದೇ ಮಾಡಿದ ಮೀಟರು ಬೇಕು. ಪ್ರತಿ ನೂರು ಚದರ ಅಡಿಗೆ ಕನಿಷ್ಠ ನಾಲ್ಕು ಹಲಗೆಗಳಂತೆ, ನಿಮ್ಮ 180 ಚದರ ಅಡಿಗೆ ಎಂಟು ಹಲಗೆಗಳನ್ನು ಬೇರೆ ಬೇರೆ ಕಟ್ಟುಗಳಿಂದ ಎಳೆದು, ತುದಿಯಿಂದ ಒಂದಡಿ ಒಳಗೆ ಅಳೆಯಿರಿ. ತುದಿಗಳು ಬೇಗ ಒಣಗುವುದರಿಂದ ಅಲ್ಲಿನ ಅಂಕಿ ಮೋಸ ಮಾಡುತ್ತದೆ. ಮರದ ಜಾತಿಗೆ ತಕ್ಕ ತಿದ್ದುಪಡಿಯ ಪಟ್ಟಿ ಮೀಟರಿನ ಜೊತೆಗೆ ಬರುತ್ತದೆ, ಸಾಗವಾನಿಯ ಸಾಲನ್ನು ನೋಡಿ ಅಂಕಿಯನ್ನು ಸರಿಪಡಿಸಿಕೊಳ್ಳಿ.

ಅಂಕಿ ಶೇ 8ರಿಂದ 11ರೊಳಗೆ ಇದ್ದರೆ ಮನೆಯೊಳಗೆ ಹದಗೊಳಿಸುವ ಕೆಲಸ ಆರಂಭಿಸಬಹುದು. ಶೇ 14 ದಾಟಿದ್ದರೆ ಅದು ಹಸಿ ಮರ. ಹಸಿ ಮರವನ್ನು ಒಣಗಿಸುವುದು ಬೇರೆ ಕೆಲಸ, ಒಣಗಿದ ಮರವನ್ನು ಮನೆಯ ಗಾಳಿಗೆ ಹೊಂದಿಸುವುದು ಬೇರೆ ಕೆಲಸ. ಮೊದಲನೆಯದನ್ನು ಮಲಗುವ ಕೋಣೆಯಲ್ಲಿ ಮಾಡಲು ಹೋಗಬಾರದು. ಅಂಥ ಮಾಲನ್ನು ಮರಳಿ ಕಿಲ್ನ್‌ಗೆ ಕಳಿಸಲು ಹೇಳಿ. ಅದೇ ಹೊತ್ತಿನಲ್ಲಿ ಪ್ರತಿ ಹಲಗೆಯ ಬಿಳಿ ಭಾಗವನ್ನೂ ನೋಡಿಕೊಳ್ಳಿ. ಸಾಗವಾನಿಯ ಖ್ಯಾತಿಯೆಲ್ಲ ಅದರ ಚೇಗಿನದು, ಎಂದರೆ ದಿಮ್ಮಿಯ ನಡುವಿನ ಗಾಢ ಬಣ್ಣದ ಗಟ್ಟಿ ಭಾಗದ್ದು. ಚೇಗಿನ ಸುತ್ತಲಿನ ಬಿಳಿ ಮರಕ್ಕೆ ಹುಳವೂ ಬೀಳುತ್ತದೆ, ಗೆದ್ದಲೂ ಹತ್ತುತ್ತದೆ. ಹೆಚ್ಚು ಬಿಳಿ ಇರುವ ಹಲಗೆಗಳನ್ನು ಬೇರ್ಪಡಿಸಿಡಿ.

ಇನ್ನು ಮನೆಯ ಸಿದ್ಧತೆ. ಮನೆ ಸಿದ್ಧವಾಗದೆ ಮರವನ್ನು ಒಳಗೆ ತಂದರೆ, ಮರ ಮನೆಗೆ ಹೊಂದಿಕೊಳ್ಳುವುದಿಲ್ಲ, ಗಾರೆಯ ನೀರಿಗೆ ಹೊಂದಿಕೊಳ್ಳುತ್ತದೆ. ಗಿಲಾವು, ಪಿ.ಒ.ಪಿ. ಛಾವಣಿ, ಸ್ನಾನದ ಮನೆಯ ಟೈಲ್ಸು, ಗೋಡೆಯ ಪುಟ್ಟಿ, ಕೊನೆಯ ಕೋಟಿನ ಬಣ್ಣ ಇವೆಲ್ಲ ಮುಗಿದು ಒಣಗಿರಬೇಕು. ಕಿಟಕಿಗಳಿಗೆ ಗಾಜು ಕೂತಿರಬೇಕು, ಫ್ಯಾನು ತಿರುಗುತ್ತಿರಬೇಕು. ಕಾಂಕ್ರೀಟಿಗೆ 28 ದಿನ ಎಂದು ಗೌಂಡಿಗಳು ಹೇಳುವುದು ಬಲದ ಲೆಕ್ಕ, ಒಣಗುವ ಲೆಕ್ಕವಲ್ಲ. ಕ್ಯೂರಿಂಗ್ ಮುಗಿದ ಮೇಲೆ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಅಂದಾಜು. ಐದು ಇಂಚಿನ ಸ್ಲ್ಯಾಬಿಗೆ ಐದು ತಿಂಗಳು. ನಮ್ಮ ಒಣ ಹವೆಯಲ್ಲಿ ತುಸು ಬೇಗ ಒಣಗಬಹುದು, ಆದರೆ ಅಂದಾಜಿನ ಮೇಲೆ ಬಿಡದೆ ಪರೀಕ್ಷೆ ಮಾಡಿ ನೋಡುವುದು ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿ ಹೋಗದಂತೆ ಮುಚ್ಚಿ, ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಗಡೆ ಹನಿ ಕಂಡರೆ ಅಥವಾ ಆ ಜಾಗದ ಸಿಮೆಂಟು ಕಪ್ಪಾಗಿದ್ದರೆ ಒಳಗಿನಿಂದ ನೀರು ಇನ್ನೂ ಏಳುತ್ತಿದೆ ಎಂದರ್ಥ. ಬಿಸಿಲು ನೇರ ಬೀಳದ ಮೂರು ನಾಲ್ಕು ಕಡೆ, ಸ್ನಾನದ ಮನೆಯ ಗೋಡೆಯ ಪಕ್ಕ ಒಂದು ಕಡೆಯಂತೂ ತಪ್ಪದೆ, ಈ ಹಾಳೆ ಅಂಟಿಸಬೇಕು.

ನಿಮ್ಮದು ಮಹಡಿಯ ಕೋಣೆ ಎಂಬುದು ನನಗೆ ಸಮಾಧಾನದ ಸಂಗತಿ. ಸಿಂಧನೂರು, ಕಾರಟಗಿ, ಗಂಗಾವತಿಯಂಥ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೆಲಮಹಡಿಗೆ ಗಟ್ಟಿ ಮರದ ನೆಲ ಬೇಕೆಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಕಾಲುವೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತಾಗ ನೆಲದೊಳಗಿನ ತೇವ ಮೇಲೇರುತ್ತದೆ. ಬೇಸಿಗೆಯಲ್ಲಿ ಮಾಡಿದ ಪ್ಲಾಸ್ಟಿಕ್ ಪರೀಕ್ಷೆ ಆಗ ಸುಳ್ಳಾಗುತ್ತದೆ. ಎರೆ ಮಣ್ಣಾದರೆ ನೆಲವೇ ಉಬ್ಬಿ ಇಳಿಯುತ್ತದೆ. ಅಂಥ ಕಡೆ ಶಾಬಾದ್ ಕಲ್ಲು, ಗ್ರಾನೈಟ್ ನೂರು ಪಾಲು ಮೇಲು. ಮಹಡಿಯಲ್ಲಿ ಈ ಭಯವಿಲ್ಲ, ಆದರೆ ಗೆದ್ದಲು ಗೋಡೆಯ ಸಂದಿನಿಂದ ಮಹಡಿಗೂ ಹತ್ತುತ್ತದೆ. ಪಾಯದಲ್ಲಿ ಗೆದ್ದಲು ಔಷಧಿ ಹಾಕಿಸಿಲ್ಲದಿದ್ದರೆ, ಕೆಳಮಹಡಿಯ ಗೋಡೆ ಮತ್ತು ನೆಲ ಕೂಡುವ ಅಂಚಿನಲ್ಲಿ ರಂಧ್ರ ಕೊರೆದು ಔಷಧಿ ಇಳಿಸುವ ಕೆಲಸವನ್ನು ಪರವಾನಗಿ ಇರುವವರಿಂದ, ಮರ ಮನೆಗೆ ಬರುವ ಮೊದಲೇ ಮಾಡಿಸಿಬಿಡಿ.

ಈಗ ಹಲಗೆಗಳನ್ನು ಜೋಡಿಸಿಡುವ ಬಗೆ. ಯಾವ ಕೋಣೆಯಲ್ಲಿ ಹಾಸುತ್ತೀರೋ ಅದೇ ಕೋಣೆಯಲ್ಲಿ ಇಡಬೇಕು. ಕಾರ್ ಶೆಡ್ಡು, ಮೆಟ್ಟಿಲ ಕೆಳಗಿನ ಜಾಗ, ಪೋರ್ಟಿಕೊ ಯಾವುದೂ ಆಗದು. ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳನ್ನು ಬಿಚ್ಚದೆ ಗೋಡೆಗೆ ಒರಗಿಸಿ ‘ಹದಿನೈದು ದಿನ ಇಟ್ಟಿದ್ದೆವು’ ಎನ್ನುವವರನ್ನು ಬಹಳ ಕಂಡಿದ್ದೇನೆ. ಅದು ಇಡದೇ ಇದ್ದಂತೆಯೇ, ಏಕೆಂದರೆ ಗಾಳಿ ತಾಗಿದ್ದು ಹೊರಗಿನ ನಾಲ್ಕು ಹಲಗೆಗಳಿಗೆ ಮಾತ್ರ. ಗೋಡೆಯಿಂದ ಮುಕ್ಕಾಲು ಅಡಿ ಬಿಟ್ಟು, ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ತುಂಡು ಮರಗಳನ್ನಿಟ್ಟು, ಅವುಗಳ ಮೇಲೆ ಮೊದಲ ಸಾಲನ್ನು ಮಲಗಿಸಿ. ಹಲಗೆ ಹಲಗೆಯ ನಡುವೆ ಅರ್ಧ ಇಂಚು ಬಿಡಿ. ಆ ಸಾಲಿನ ಮೇಲೆ ಅಡ್ಡಲಾಗಿ ಒಂದೂವರೆ ಅಡಿಗೆ ಒಂದರಂತೆ ಮುಕ್ಕಾಲು ಇಂಚಿನ ಒಣ ರೀಪುಗಳನ್ನು ಇಟ್ಟು, ಮುಂದಿನ ಸಾಲು ಜೋಡಿಸಿ. ಮೇಲಿನಿಂದ ಕೆಳಗಿನವರೆಗೆ ರೀಪುಗಳೆಲ್ಲ ಒಂದೇ ನೇರದಲ್ಲಿ ಬರುವುದು ಅತ್ಯಗತ್ಯ. ಒಂದು ಈಚೆ ಒಂದು ಆಚೆಯಾದರೆ ಮೇಲಿನ ಭಾರಕ್ಕೆ ಹಲಗೆಗಳು ಅಲೆಯಲೆಯಾಗಿ ಬಾಗುತ್ತವೆ. ಮೇಲ್ಛಾವಣಿಯ ಫ್ಯಾನು ನಿಧಾನವಾಗಿ ತಿರುಗಲಿ. ಪಶ್ಚಿಮದ ಕಿಟಕಿಗೆ ಪರದೆ ಇರಲಿ.

ಕೂಲರ್ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಬೇರೆ ಊರಿನವರು ಬರೆದ ಸೂಚನೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಎ.ಸಿ. ಕೋಣೆಯ ತೇವವನ್ನು ತೆಗೆಯುತ್ತದೆ, ಕೂಲರ್ ತೇವವನ್ನು ತುಂಬುತ್ತದೆ. ಹೊರಗೆ ಶೇ 25 ಆರ್ದ್ರತೆಯ ಒಣಗಾಳಿ ಇದ್ದಾಗಲೂ ಕಿಟಕಿಗೆ ಹಚ್ಚಿದ ಕೂಲರಿನ ಮುಂದೆ ಶೇ 60 ದಾಟುವುದು ಸಾಮಾನ್ಯ. ಜೊತೆಗೆ ಸೂಕ್ಷ್ಮ ಹನಿಗಳೂ ನೆಲಕ್ಕೆ ಬೀಳುತ್ತವೆ. ರಾತ್ರಿಯೆಲ್ಲ ಕೂಲರ್, ಹಗಲೆಲ್ಲ ಬಿಸಿಗಾಳಿ ಎಂದಾದರೆ ಕೂಲರಿನ ಎದುರಿನ ಹತ್ತು ಹಲಗೆಗಳು ಬೇಸಿಗೆಯುದ್ದಕ್ಕೂ ಉಸಿರಾಡುತ್ತಲೇ ಇರುತ್ತವೆ. ನನ್ನ ಸಲಹೆ ಸ್ಪಷ್ಟ: ಗಟ್ಟಿ ಮರದ ನೆಲ ಬೇಕೇ ಬೇಕೆಂದಾದರೆ ಆ ಕೋಣೆಗೆ ಕೂಲರ್ ಬಿಟ್ಟು ಎ.ಸಿ. ಹಾಕಿಸಿ. ಆಗದಿದ್ದರೆ ಕೂಲರಿನ ಗಾಳಿ ನೇರ ನೆಲಕ್ಕೆ ಹೊಡೆಯದಂತೆ ಎತ್ತರಕ್ಕೆ ಕೂರಿಸಿ, ಎದುರಿನ ಕಿಟಕಿ ತೆರೆದಿಡಿ. ಯಾವುದನ್ನು ಬಳಸುತ್ತೀರೋ ಅದನ್ನು ಹಲಗೆ ಹದಗೊಳ್ಳುವ ವಾರಗಳಲ್ಲಿಯೂ ನೀವು ವಾಸವಿದ್ದಾಗ ಬಳಸುವಷ್ಟೇ ಹೊತ್ತು ಹಚ್ಚಬೇಕು, ಆದರೆ ಕೂಲರಿನ ಗಾಳಿ ಪೇರಿಸಿದ ಹಲಗೆಗಳಿಗೆ ನೇರವಾಗಿ ತಾಗಬಾರದು.

ಹದವಾಯಿತೆಂದು ತಿಳಿಯುವುದು ಹೇಗೆ? ಮೀಟರು ಇದ್ದರೂ ನಾನು ತೂಕವನ್ನೇ ಹೆಚ್ಚು ನಂಬುತ್ತೇನೆ. ಬೇರೆ ಬೇರೆ ಸಾಲುಗಳಿಂದ ಮೂರು ಹಲಗೆ ಆರಿಸಿ, ಒಂದೊಂದರ ನಡುಭಾಗದಿಂದ ಮೂರು ಅಡಿ ತುಂಡು ಕತ್ತರಿಸಿ, ಕತ್ತರಿಸಿದ ಎರಡೂ ತುದಿಗಳಿಗೆ ಬಣ್ಣ ಬಳಿದು, ಸಾಲಿನ ನಡುವೆಯೇ ಮರಳಿ ಇಡಿ. ಎರಡು ದಿನಕ್ಕೊಮ್ಮೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ತಾರೀಖು ಮತ್ತು ತೂಕವನ್ನು ಆ ತುಂಡಿನ ಮೇಲೆಯೇ ಪೆನ್ಸಿಲಿನಿಂದ ಬರೆಯಿರಿ. ಈ ಅಳತೆಯ ಸಾಗವಾನಿ ತುಂಡು ಹೆಚ್ಚುಕಡಿಮೆ 1,100 ಗ್ರಾಂ ತೂಗುತ್ತದೆ. ತೇವಾಂಶದಲ್ಲಿ ಶೇ 1 ಇಳಿದರೆ ತೂಕದಲ್ಲಿ ಸುಮಾರು 10 ಗ್ರಾಂ ಇಳಿಯುತ್ತದೆ. ಮೊದಲ ದಿನ 1,130, ಆರನೆಯ ದಿನ 1,117, ಹನ್ನೆರಡನೆಯ ದಿನ 1,109, ಹದಿನಾಲ್ಕು ಮತ್ತು ಹದಿನಾರನೆಯ ದಿನ 1,108 ಎಂದು ಬಂದರೆ ಹಲಗೆ ಶೇ 2ರಷ್ಟು ತೇವ ಬಿಟ್ಟು ನಿಂತಿದೆ ಎಂದು ಯಾರೂ ಹೇಳಿಕೊಡದೆ ನಿಮಗೇ ತಿಳಿಯುತ್ತದೆ. ಮೂರು ಸಲದ ತೂಕ ಒಂದೆರಡು ಗ್ರಾಂ ಒಳಗೆ ಬಂದರೆ ಕಾಯುವುದು ಮುಗಿಯಿತು.

ಹಲಗೆಯ ಕೆಳಗೆ ಹಾಕುವ ಪ್ಲೈವುಡ್ಡಿಗೂ ಇದೇ ನಿಯಮ. ಐ.ಎಸ್. 710 ಗುರುತಿನ ಮರೈನ್ ಪ್ಲೈ ನೀರನ್ನು ತಡೆಯುತ್ತದೆ, ಆದರೆ ತೇವವನ್ನು ಹೀರುವುದೇ ಇಲ್ಲ ಎಂದಲ್ಲ. ಮೂರು ಇಂಚು ಅಥವಾ ಹೆಚ್ಚು ಅಗಲದ ಹಲಗೆಗೂ ಅದರ ಕೆಳಗಿನ ಪ್ಲೈಗೂ ತೇವಾಂಶದಲ್ಲಿ ಶೇ 2ಕ್ಕಿಂತ ಹೆಚ್ಚು ಅಂತರ ಇರಬಾರದು. ನಿಮ್ಮ ಹಲಗೆ 4 ಇಂಚು. ಪ್ಲೈ ಕೂರಿಸುವ ಮೊದಲು ಹತ್ತು ಅಡಿಯ ಮಟ್ಟಗೋಲು ಹಿಡಿದು ನೋಡಿ, ಎಲ್ಲಿಯೂ 5 ಮಿಲಿಮೀಟರಿಗಿಂತ ಹೆಚ್ಚು ತಗ್ಗು ಇರಬಾರದು. ರಸಮಟ್ಟ ಸರಿ ತೋರಿಸಿದರೂ ನೆಲದಲ್ಲಿ ತಗ್ಗು ಇರಬಹುದು. ಇಳಿಜಾರು ತುಸು ಇದ್ದರೆ ನಡೆಯುತ್ತದೆ, ತಗ್ಗು ನಡೆಯದು.

ಕೊನೆಯದಾಗಿ ಬಸವ ಜಯಂತಿಯ ಮಾತು. ಈ ವಿಷಯದಲ್ಲಿ ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ಗೃಹಪ್ರವೇಶವನ್ನು ಪ್ಲೈವುಡ್ಡಿನ ಮೇಲೆ ಜಮಖಾನ ಹಾಸಿ ಮಾಡಿಕೊಳ್ಳಿ, ಸಾಗವಾನಿಯನ್ನು ನವೆಂಬರ್ ಕೊನೆಯಿಂದ ಜನವರಿಯ ನಡುವೆ ಹಾಸಿ. ಆ ಹೊತ್ತಿಗೆ ನಮ್ಮಲ್ಲಿ ಗಾಳಿ ತೀರ ಒಣಗಿಯೂ ಇರುವುದಿಲ್ಲ, ತೀರ ತೇವವಾಗಿಯೂ ಇರುವುದಿಲ್ಲ. ಹಲಗೆ ಶೇ 9ರ ಸುತ್ತ ನಿಲ್ಲುತ್ತದೆ. ಅಲ್ಲಿಂದ ಬೇಸಿಗೆಗೆ ತುಸು ಕುಗ್ಗಿದರೂ ಮಳೆಗಾಲಕ್ಕೆ ತುಸು ಹಿಗ್ಗಿದರೂ ಎರಡನ್ನೂ ನೆಲ ತಾಳಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಹಾಸಿದರೆ ಅದು ತೀರ ಕುಗ್ಗಿದ ಸ್ಥಿತಿಯಲ್ಲಿ ಹಾಸಿದಂತೆ, ಮುಂದೆ ಹಿಗ್ಗುವುದೊಂದೇ ಉಳಿದಿರುತ್ತದೆ. ಹಾಲುಕ್ಕಿಸಿ, ಹೋಮ ಮಾಡಿ, ನೂರು ಜನ ಓಡಾಡಿ, ಸಂಜೆ ಬಕೆಟ್ ನೀರಿನಲ್ಲಿ ಮನೆ ಒರೆಸುವ ದಿನಕ್ಕೆ ಹೊಸ ಮರದ ನೆಲ ಇಲ್ಲದಿರುವುದೇ ಕ್ಷೇಮ.

ಏಪ್ರಿಲ್ಲಿನಲ್ಲೇ ಹಾಸುವುದು ಅನಿವಾರ್ಯವಾದರೆ ಹಿಗ್ಗಲು ಜಾಗ ಬಿಟ್ಟು ಹಾಸಿಸಿ. ನಾಲ್ಕೂ ಗೋಡೆಗಳ ಬದಿಗೆ 18 ಮಿಲಿಮೀಟರ್ ಸಂದು ಇರಲಿ. ಅದನ್ನು ಮುಚ್ಚುವ ಸ್ಕರ್ಟಿಂಗ್ ಪಟ್ಟಿಯ ಮೊಳೆ ಗೋಡೆಗೆ ಹೋಗಬೇಕು, ಹಲಗೆಗೆ ಹೋಗಬಾರದು. ಇದರ ಜೊತೆಗೆ ಪ್ರತಿ ಮೂರನೆಯ ಹಲಗೆಯ ಬದಿಗೆ ಒಂದು ಹ್ಯಾಕ್ಸಾ ಬ್ಲೇಡ್ ನಿಲ್ಲಿಸಿ ಆ ದಪ್ಪದ ಸಂದು ಬಿಟ್ಟು ಮೊಳೆ ಹೊಡೆದು, ಆಮೇಲೆ ಬ್ಲೇಡ್ ಎಳೆದುಕೊಳ್ಳಲು ಬಡಿಗೇರರಿಗೆ ಹೇಳಿ. ಅವರು ಒಪ್ಪದಿರಬಹುದು, ಬಿಗಿ ಜೋಡಣೆಯೇ ಕಸುಬಿನ ಹೆಮ್ಮೆ ಎಂದು ಕಲಿತವರು ಅವರು. ಬಾಗಿಲು, ಚೌಕಟ್ಟಿನ ಕೆಲಸದಲ್ಲಿ ಅವರು ಹೇಳುವುದು ಸರಿಯೇ. ಮೇಲೆ ಬರೆದ 27 ಮಿಲಿಮೀಟರಿನ ಲೆಕ್ಕವನ್ನು ಅವರ ಮುಂದೆ ಕೂತು ಮಾಡಿ ತೋರಿಸಿದರೆ ಒಪ್ಪುತ್ತಾರೆ. ನನ್ನ ಅನುಭವದಲ್ಲಿ ಒಪ್ಪದವರು ಕಡಿಮೆ.

ಹಲಗೆ ಹದವಾದ ಮೇಲೆ, ಹಾಸುವುದಕ್ಕೆ ಮುಂಚೆ, ಅಡಿಮುಖಕ್ಕೂ ತುದಿಗಳಿಗೂ ಒಂದು ಕೋಟ್ ಸೀಲರ್ ಬಳಿಸಿ. ಇದು ತೇವದ ಓಡಾಟವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ, ಅದೇ ದೊಡ್ಡ ಉಪಕಾರ. ಹದವಾಗುವ ಮೊದಲೇ ಬಳಿದರೆ ಒಳಗಿನ ತೇವ ಅಲ್ಲೇ ಸಿಕ್ಕಿಬೀಳುತ್ತದೆ. ತೂಗಿದ ಆ ಮೂರು ತುಂಡುಗಳಿಗೂ ಅದೇ ಸೀಲರ್, ಅದೇ ಪಾಲಿಶ್ ಬಳಿದು, ಆ ದಿನದ ತೂಕ ಬರೆದು, ಅದೇ ಕೋಣೆಯ ಅಲಮಾರಿನ ಮೇಲಿಡಿ. ಸೆಪ್ಟೆಂಬರಿನ ಮಳೆಯಲ್ಲಿ ಒಮ್ಮೆ, ಮುಂದಿನ ಮೇ ತಿಂಗಳಲ್ಲಿ ಒಮ್ಮೆ ತೂಗಿ ನೋಡಿ. ತೂಕ 50 ಗ್ರಾಂಗಿಂತ ಹೆಚ್ಚು ಏರಿದ್ದರೆ ಸ್ಕರ್ಟಿಂಗ್ ಪಟ್ಟಿಯ ಒಂದು ತುಂಡು ಬಿಚ್ಚಿ, ಗೋಡೆಯ ಬದಿಯ ಸಂದು ಇನ್ನೂ ಎಷ್ಟು ಉಳಿದಿದೆ ಎಂದು ಅಳೆದು ನನಗೆ ಬರೆಯಿರಿ.